“ನಿಮ್ಮ ಮಗನಿಗೆ ಪಾರ್ಸೆಲ್ ಬಂದಿದೆ ಅಮ್ಮಾ”: ಸಾಲ ವಸೂಲಿಯವರ ಸುಳ್ಳು ಫೋನುಗಳಿಗೆ ಉತ್ತರಿಸುವ ಬಗೆ

ಅಡಿಕೆ ಕೊನೆ ಕೊಯ್ಲಿನ ಹೊತ್ತು. ರಿಪ್ಪನ್‌ಪೇಟೆ ಹತ್ತಿರದ ಚಿಕ್ಕಮ್ಮನ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದೆವು. ಫೋನ್ ಬಂತು. “ಅಮ್ಮಾ, ಕೊರಿಯರ್‌ನಿಂದ ಮಾತಾಡ್ತಿರೋದು. ನಿಮ್ಮ ಮಗನ ಹೆಸರಿಗೆ ಒಂದು ಪಾರ್ಸೆಲ್ ಇದೆ, ಅವರ ನಂಬರ್ ಹತ್ತುತ್ತಾನೇ ಇಲ್ಲ.” ದನಿ ಮೆತ್ತಗಿತ್ತು, ಮಾತೂ ನಮ್ಮ ಕಡೆಯದೇ. ಚಿಕ್ಕಮ್ಮ ಮೆಟ್ಟುಗತ್ತಿ ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಎಲ್ಲವನ್ನೂ ಹೇಳಿದರು. ಮಗ ಈಗ ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾನೆ, ರೂಮು ವಿನೋಬನಗರದಲ್ಲಿ, ಶನಿವಾರ ಕೊನೆ ಬಸ್ಸಿಗೆ ಊರಿಗೆ ಬರುತ್ತಾನೆ, ಹೊಸ ನಂಬರು ಇದು. “ಪಾಪ, ನಿಮಗೂ ತಿರುಗಾಟ” ಅಂತಲೂ ಸೇರಿಸಿದರು. ಪಕ್ಕದಲ್ಲೇ ಕೂತಿದ್ದ ನನಗೂ ಏನೂ ಹೊಳೆಯಲಿಲ್ಲ.

ಸೋಮವಾರ ಬೆಳಗ್ಗೆ ಇಬ್ಬರು ಅಂಗಡಿಯ ಕೌಂಟರ್ ಮುಂದೆ ನಿಂತಿದ್ದರು. ಮಾಲೀಕರ ಎದುರು, ಗಿರಾಕಿಗಳ ಎದುರು, ಚಿಕ್ಕಮ್ಮನ ಮಗನ, ಅಂದರೆ ನನ್ನ ತಮ್ಮನ ಬಾಕಿ ಎಷ್ಟು ಅಂತ ಲೆಕ್ಕ ಒಪ್ಪಿಸಿದರು. ಪಾರ್ಸೆಲ್ ಇರಲೇ ಇಲ್ಲ.

ಸಾಲ ಇದ್ದದ್ದು ನಿಜ. ಎಲೆಚುಕ್ಕೆ ರೋಗ ಬಿದ್ದು ತೋಟದ ಫಸಲು ಕುಸಿದಿತ್ತು, ನಾಲ್ಕು ಕಂತು ತಪ್ಪಿತ್ತು, ಹುಡುಗ ಹೆದರಿ ಸಿಮ್ ಬದಲಿಸಿದ್ದ. ಸಿಮ್ ಬದಲಿಸಿದ್ದು ತಪ್ಪು, ಅದರ ಮಾತು ಕೊನೆಗೆ ಬರುತ್ತದೆ. ಆದರೆ ಸಾಲ ಬಾಕಿ ಇದೆ ಅಂದ ಮಾತ್ರಕ್ಕೆ ತಾಯಿಗೆ ಸುಳ್ಳು ಹೇಳಿ ಮಗನ ವಿಳಾಸ ಕೀಳುವ ಹಕ್ಕು ಯಾರಿಗೂ ಇಲ್ಲ. ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರಂದು ಕಳಿಸಿದ ಸುತ್ತೋಲೆಯಲ್ಲಿ ಇದು ನೇರವಾಗಿಯೇ ಇದೆ: ವಸೂಲಿ ಏಜೆಂಟರು ಸುಳ್ಳು ಹೇಳುವಂತಿಲ್ಲ, ದಾರಿ ತಪ್ಪಿಸುವಂತಿಲ್ಲ, ಸಾಲ ಪಡೆದವರ ಮನೆಯವರ, ಸ್ನೇಹಿತರ ಖಾಸಗಿತನಕ್ಕೆ ಕೈ ಹಾಕುವಂತಿಲ್ಲ, ನಾಲ್ಕು ಜನರ ಮುಂದೆ ಮಾನ ಕಳೆಯುವಂತಿಲ್ಲ.

ಅವತ್ತಿನಿಂದ ನಾನು ಈ ವಿಷಯದ ಹಿಂದೆ ಬಿದ್ದೆ. ತಿಳಿದುಕೊಂಡದ್ದನ್ನು, ನಮ್ಮ ಮನೆಗಳಲ್ಲಿ ಮಾಡಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಮಾತು ಸೋರುವುದು ಎಲ್ಲಿಂದ

ಊರು ಬಿಟ್ಟ ಅಥವಾ ನಂಬರ್ ಬದಲಿಸಿದ ಸಾಲಗಾರನನ್ನು ಪತ್ತೆ ಹಚ್ಚುವ ಕೆಲಸಕ್ಕೆ ಫೈನಾನ್ಸ್ ವಲಯದಲ್ಲಿ ಸ್ಕಿಪ್ ಟ್ರೇಸಿಂಗ್ ಅನ್ನುತ್ತಾರೆ. ಪೇಟೆಯಲ್ಲಾದರೆ ಮನೆ ನಂಬರು, ಕ್ರಾಸು ಗೊತ್ತಾದರೆ ಸಾಕು. ಮಲೆನಾಡಿನಲ್ಲಿ ಹಾಗಲ್ಲ. ಒಂದೊಂದು ಮನೆ ಒಂದೊಂದು ಗುಡ್ಡದ ಮಗ್ಗುಲಲ್ಲಿ. ಆಧಾರ್‌ನಲ್ಲಿ ಊರಿನ ಹೆಸರು, ಅಂಚೆ, ಹೋಬಳಿ ಇದ್ದರೂ ಅದನ್ನು ಹಿಡಿದು ಹೊಸಬರು ಯಾರೂ ಮನೆ ಮುಟ್ಟಲಾರರು. ಆದ್ದರಿಂದ ಅವರಿಗೆ ಊರಿನವರ ಬಾಯಿಯೇ ಬೇಕು. ಬಸ್ ಸ್ಟ್ಯಾಂಡಿನ ಗೂಡಂಗಡಿ, ಹಾಲಿನ ಡೇರಿ, ಸೊಸೈಟಿ, ಅಡಿಕೆ ಮಂಡಿ, ಶಾಲೆ, ಕಂಡಕ್ಟರ್. ನಮ್ಮಲ್ಲಿ ದಾರಿ ಕೇಳಿದವರಿಗೆ ಇಲ್ಲ ಅನ್ನುವ ರೂಢಿಯೇ ಇಲ್ಲ. ತುದಿ ಗೇಟಿನವರೆಗೂ ನಡೆದು ಬಂದು ತೋರಿಸುವವರಿದ್ದಾರೆ. ಆ ಒಳ್ಳೆಯತನವೇ ಅವರ ಬಂಡವಾಳ.

ಕೊರಿಯರ್ ವೇಷ ಇಲ್ಲಿ ಇಷ್ಟು ನಡೆಯುವುದಕ್ಕೂ ಅದೇ ಕಾರಣ. ನಮ್ಮ ಮನೆಗಳಿಗೆ ಕೊರಿಯರ್ ಹುಡುಗ ನೇರವಾಗಿ ಬರುವುದು ಅಪರೂಪ. ನಿಜವಾದ ಪಾರ್ಸೆಲ್ ಬಂದಾಗಲೂ ಅವನು ಫೋನ್ ಮಾಡಿ “ಎಲ್ಲಿ ಬರಬೇಕು, ಯಾರ ಅಂಗಡೀಲಿ ಇಡಲಿ” ಅಂತಲೇ ಕೇಳುವುದು. ಕಿವಿಗೆ ಪಳಗಿದ ಪ್ರಶ್ನೆ ಅದು, ಉತ್ತರ ತಾನಾಗಿ ಬಾಯಿಗೆ ಬರುತ್ತದೆ.

ಬೇರೆ ವೇಷಗಳೂ ಇವೆ. ಹಳೆಯ ಕ್ಲಾಸ್‌ಮೇಟ್, ಮದುವೆ ಕಾಗದ ಕೊಡಬೇಕು ಅನ್ನುವವರು. ಕೆಲಸಕ್ಕೆ ಇಂಟರ್‌ವ್ಯೂ ಇದೆ, ಅವರ ಈಗಿನ ನಂಬರ್ ಕೊಡಿ ಅನ್ನುವವರು. ಗೃಹಲಕ್ಷ್ಮಿ ಹಣ ತಡೆದಿದೆ, ರೇಷನ್ ಕಾರ್ಡಿನ ಇ-ಕೆವೈಸಿ ಆಗಬೇಕು, ಮನೆಯಲ್ಲಿ ಯಾರು ಯಾರು ಇದ್ದಾರೆ, ಮಗ ಎಲ್ಲಿ ದುಡಿಯುತ್ತಾನೆ ಅಂತ ಕೇಳುವವರು. ಗೃಹಲಕ್ಷ್ಮಿಯ ₹2,000 ಬರುವುದಕ್ಕೂ ಮಗನ ಬಾಡಿಗೆ ಮನೆಯ ವಿಳಾಸಕ್ಕೂ ಯಾವ ಸಂಬಂಧವೂ ಇಲ್ಲ. ತಡೆದಿದ್ದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಹೋಗಿ ಕೇಳಿದರೆ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಕ್ರೂರವಾದದ್ದು ಅಪಘಾತದ ಸುಳ್ಳು. “ನಿಮ್ಮ ಮಗನ ಹೆಸರಿನವರು ಯಾರೋ ಆಕ್ಸಿಡೆಂಟ್ ಆಗಿ ಮೆಗ್ಗಾನ್ ಆಸ್ಪತ್ರೆಯಲ್ಲಿದ್ದಾರೆ, ಗುರುತು ಹಿಡಿಯಬೇಕು, ಅವರ ನಂಬರ್, ಕೆಲಸದ ಜಾಗ ಹೇಳಿ.” ಎದೆ ಹೊಡೆದುಕೊಳ್ಳುವಾಗ ಯಾರಿಗೆ ಎಚ್ಚರ ಇರುತ್ತದೆ? ಇಂಥ ಫೋನ್ ಬಂದರೆ ಅದನ್ನು ಇಟ್ಟು, ಮಗನಿಗೆ ನೀವೇ ಕರೆ ಮಾಡಿ. ಹತ್ತದಿದ್ದರೆ ಅವನ ಜೊತೆ ಕೆಲಸ ಮಾಡುವವರಿಗೆ ಮಾಡಿ, ಶಿವಮೊಗ್ಗದಲ್ಲಿರುವ ನೆಂಟರೊಬ್ಬರನ್ನು ಆಸ್ಪತ್ರೆಗೆ ಕಳಿಸಿ. ಕರೆ ಮಾಡಿದವನಿಗೆ ಮಾತ್ರ ಏನೂ ಹೇಳಬೇಡಿ.

ಮೊದಲ ಹೆಜ್ಜೆ: ಮನೆಯವರಿಗೆಲ್ಲ ಒಂದೇ ಮಾತು

ನನ್ನ ಅನುಭವದಲ್ಲಿ ಇದೊಂದೇ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಸಾಲ ಮಾಡಿದವರು ಎಚ್ಚರದಿಂದಲೇ ಇರುತ್ತಾರೆ, ಮಾತು ಹೊರಗೆ ಬೀಳುವುದು ಅಪ್ಪ ಅಮ್ಮನಿಂದ, ಅಜ್ಜಿಯಿಂದ, ಶಾಲೆಗೆ ಹೋಗುವ ಮಗುವಿನಿಂದ. ಅವರಿಗೆ ಸುಳ್ಳು ಹೇಳಿ ಅಂತ ಕಲಿಸಬೇಡಿ. ವಯಸ್ಸಾದವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದು ಸರಿಯೂ ಅಲ್ಲ. ಒಂದು ವಾಕ್ಯ ಕಲಿಸಿ:

“ನಿಮ್ಮ ಹೆಸರು, ನಂಬರ್ ಹೇಳಿ, ಬರ್ಕೊಳ್ತೀನಿ. ಅವನೇ ನಿಮಗೆ ಫೋನ್ ಮಾಡ್ತಾನೆ.”

ಚಿಕ್ಕಮ್ಮನ ಮನೆಯಲ್ಲಿ ಇದನ್ನು ಕ್ಯಾಲೆಂಡರ್‌ನ ಹಿಂಭಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಫೋನ್ ಚಾರ್ಜಿಗೆ ಹಾಕುವ ಕಡೆ ಅಂಟಿಸಿದೆವು. ಪಕ್ಕದಲ್ಲಿ ಒಂದು ಪೆನ್ನಿಗೆ ದಾರ ಕಟ್ಟಿ ಮೊಳೆಗೆ ನೇತುಹಾಕಿದೆವು. ನಿಜವಾಗಿ ಬೇಕಾದವರು ನಂಬರ್ ಕೊಡುತ್ತಾರೆ. ವೇಷದವರು “ಇಲ್ಲ ಅಮ್ಮಾ, ಅರ್ಜೆಂಟು, ಇವತ್ತೇ ವಾಪಸ್ ಹೋಗುತ್ತೆ” ಅಂತ ಶುರು ಮಾಡುತ್ತಾರೆ. ಅವಸರ ಹತ್ತಿದ ಕಡೆ ಅನುಮಾನ ಇಟ್ಟುಕೊಳ್ಳಿ. ಪಾರ್ಸೆಲ್ ಅಂದರೆ ಇನ್ನೊಂದು ಮಾತು: “ಟ್ರ್ಯಾಕಿಂಗ್ ನಂಬರ್ ಹೇಳಿ, ಪೇಟೆ ಆಫೀಸಲ್ಲೇ ಇಟ್ಟಿರಿ, ನಾವೇ ಬಂದು ತಗೋತೀವಿ.”

ಊರಿನ ಅಂಗಡಿಯವರಿಗೂ, ಪಕ್ಕದ ಮನೆಯವರಿಗೂ ಇದನ್ನೇ ಹೇಳಿಡಿ. ಸಾಲದ ವಿಷಯ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. “ಯಾರಾದ್ರೂ ನಮ್ಮ ಮನೆ ಕೇಳ್ಕೊಂಡು ಬಂದ್ರೆ ಅವರ ನಂಬರ್ ಇಸ್ಕೊಂಡು ನಮಗೆ ಒಂದು ಫೋನ್ ಮಾಡಿ” ಅಂದರೆ ಯಾರೂ ಬೇರೆ ಅರ್ಥ ಮಾಡಿಕೊಳ್ಳುವುದಿಲ್ಲ.

ಎರಡನೆಯ ಹೆಜ್ಜೆ: ಪ್ರಶ್ನೆ ಕೇಳುವವರು ನೀವಾಗಿ

ಕರೆ ನೇರವಾಗಿ ನಿಮಗೇ ಬಂತು ಅನ್ನಿ. “ಇಂಥವರು ಮಾತಾಡ್ತಿರೋದಾ? ಇಂಥ ಕಡೆ ಇದೀರಲ್ವಾ?” ಅಂತ ಶುರುವಾಗುತ್ತದೆ. ನೀವು ಹೂಂ ಅಂದ ಕೂಡಲೇ ಅವರ ಅರ್ಧ ಊಹೆ ಪೂರ್ತಿ ಮಾಹಿತಿಯಾಗುತ್ತದೆ. ಮೊದಲು ನೀವು ಕೇಳಿ: ಯಾವ ಕಂಪನಿ, ನಿಮ್ಮ ಏಜೆನ್ಸಿಯ ಹೆಸರೇನು, ನಿಮ್ಮ ಹೆಸರೇನು, ಸಾಲದ ಖಾತೆಯ ಕೊನೆಯ ನಾಲ್ಕು ಅಂಕೆ ಯಾವುದು. ವಸೂಲಿಗೆ ಏಜೆಂಟರನ್ನು ನೇಮಿಸಿದರೆ ಅವರ ವಿವರವನ್ನು ಸಾಲ ಕೊಟ್ಟ ಸಂಸ್ಥೆ ನಿಮಗೆ ತಿಳಿಸಬೇಕು. ಆ್ಯಪ್ ಮೂಲಕ ತೆಗೆದ ಡಿಜಿಟಲ್ ಸಾಲವಾದರೆ ಏಜೆಂಟ್ ಸಂಪರ್ಕಿಸುವ ಮೊದಲೇ ಎಸ್ಸೆಮ್ಮೆಸ್ ಅಥವಾ ಇಮೇಲ್‌ನಲ್ಲಿ ಬರಬೇಕು. ಅಂಥದ್ದು ಬಂದಿಲ್ಲವಾದರೆ “ನಾನು ಕಂಪನಿಯಲ್ಲೇ ವಿಚಾರಿಸ್ತೀನಿ” ಅಂದು ಇಟ್ಟುಬಿಡಿ.

ಆಮೇಲೆ ಕಂಪನಿಗೆ ನೀವೇ ಕರೆ ಮಾಡಿ. ನಂಬರನ್ನು ಸಾಲದ ಪತ್ರದಿಂದ ತೆಗೆದುಕೊಳ್ಳಿ, ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ನಕಲಿ ಕಸ್ಟಮರ್ ಕೇರ್ ನಂಬರುಗಳು ಬೇಕಾದಷ್ಟಿವೆ. ಫೋನಿನ ಮೇಲೆ ಕಾಣುವ ಟ್ರೂಕಾಲರ್ ಹೆಸರನ್ನೂ ನಂಬಬೇಡಿ, ಅಲ್ಲಿ ಯಾರು ಯಾವ ಹೆಸರನ್ನಾದರೂ ಹಾಕಿಕೊಳ್ಳಬಹುದು.

ಸಾಲವೇ ನಿಮ್ಮದಲ್ಲ ಅನ್ನಿಸಿದರೆ ಕ್ರೆಡಿಟ್ ರಿಪೋರ್ಟ್ ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಸಾಲದ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮ ಹೆಸರಿನಲ್ಲಿ ಯಾವ ಸಾಲ ಇದೆ, ಯಾರ ಬಳಿ ಇದೆ ಅನ್ನುವುದು ಅಲ್ಲಿ ಕಾಣುತ್ತದೆ.

ಇನ್ನೊಂದು ಬಲೆ ಇದೆ, ಅಷ್ಟಾಗಿ ಯಾರೂ ಹೇಳುವುದಿಲ್ಲ. ತುಂಬಾ ಹಳೆಯ ಸಾಲದ ವಿಷಯದಲ್ಲಿ “ಬರೀ ಐನೂರು ಹಾಕಿ, ಫೈಲ್ ಕ್ಲೋಸ್ ಮಾಡ್ತೀವಿ” ಅನ್ನುತ್ತಾರೆ, ಇಲ್ಲವೇ “ಕೊಡ್ತೀನಿ ಅಂತ ಒಂದು ವಾಟ್ಸಾಪ್ ಮೆಸೇಜ್ ಹಾಕಿ” ಅನ್ನುತ್ತಾರೆ. ಸಾಮಾನ್ಯವಾಗಿ ಸಾಲ ವಸೂಲಿಯ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಂತೆ ಮೂರು ವರ್ಷದ ಗಡುವು. ಆ ಗಡುವು ಮುಗಿಯುವುದರೊಳಗೆ ನೀವು ಬರವಣಿಗೆಯಲ್ಲಿ ಸಾಲ ಒಪ್ಪಿಕೊಂಡರೆ ಅಥವಾ ಸ್ವಲ್ಪ ಹಣ ಕಟ್ಟಿದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗಬಹುದು. ಹಳೆಯ ಸಾಲಕ್ಕೆ ವಕೀಲರನ್ನು ಕೇಳದೆ ಏನನ್ನೂ ಬರೆದುಕೊಡಬೇಡಿ, ಏನನ್ನೂ ಕಟ್ಟಬೇಡಿ.

ಮೂರನೆಯ ಹೆಜ್ಜೆ: ಕೈಯಲ್ಲಿರುವ ಫೋನು

ಯುಪಿಐ ಇರುವ ಯಾರದ್ದೇ ಮೊಬೈಲ್ ನಂಬರ್ ಒತ್ತಿದರೂ ಬ್ಯಾಂಕಿನಲ್ಲಿರುವ ಹೆಸರು ಕಾಣುತ್ತದೆ. ನಂಬರ್ ನಿಮ್ಮದೇ ಹೌದೋ ಅಲ್ಲವೋ ಅಂತ ತಿಳಿಯಲು ವಸೂಲಿಯವರಿಗೆ ಇಷ್ಟು ಸಾಕು. ಕೆಲವರು ಒಂದು ರೂಪಾಯಿ ಕಳಿಸಿ, “ತಪ್ಪಿ ನಿಮಗೆ ಬಂತು, ಒಂಚೂರು ಫೋನ್ ಮಾಡಿ” ಅಂತ ಮಾತಿಗೆ ಎಳೆಯುತ್ತಾರೆ. ಕರೆ ಮಾಡಬೇಡಿ.

ವಾಟ್ಸಾಪ್‌ನಲ್ಲಿ ಪ್ರೊಫೈಲ್ ಫೋಟೊ, ಲಾಸ್ಟ್ ಸೀನ್, ಸ್ಟೇಟಸ್ ಮೂರನ್ನೂ ಪರಿಚಯದವರಿಗೆ ಮಾತ್ರ ಕಾಣುವಂತೆ ಮಾಡಿ. ಅಂಗಡಿಯ ಬೋರ್ಡ್ ಮುಂದೆ ನಿಂತ ಒಂದು ಫೋಟೊ ಇದ್ದರೆ ಯಾರಿಗೂ ವಿಳಾಸ ಕೇಳುವ ಅಗತ್ಯವೇ ಬೀಳುವುದಿಲ್ಲ. ಗೊತ್ತಿಲ್ಲದವರಿಗೆ ಲೊಕೇಶನ್ ಕಳಿಸಬೇಡಿ. ಮದುವೆ ಆಮಂತ್ರಣ, ಗಾಡಿಯ ದಂಡದ ಚಲನ್ ಅಂತ ಬರುವ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಯಾವುದನ್ನೂ ತೆರೆಯಬೇಡಿ, ಫೋನಿನೊಳಗಿರುವುದೆಲ್ಲ ಹೊರಗೆ ಹೋಗಬಹುದು.

ಸಾಲದ ಆ್ಯಪ್ ಇದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಅದಕ್ಕೆ ಕೊಟ್ಟ ಅನುಮತಿಗಳನ್ನು ಒಂದೊಂದಾಗಿ ನೋಡಿ. ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೋಟೊ ಗ್ಯಾಲರಿಗೆ ಸಾಲದ ಆ್ಯಪ್ ಕೈ ಹಾಕಬಾರದು ಅಂತ ರಿಸರ್ವ್ ಬ್ಯಾಂಕಿನ 2022ರ ಡಿಜಿಟಲ್ ಸಾಲದ ನಿಯಮಗಳೇ ಹೇಳಿವೆ. ಕ್ಯಾಮೆರಾ, ಮೈಕ್, ಲೊಕೇಶನ್ ಕೂಡ ಸಾಲ ಕೊಡುವಾಗ ಗುರುತು ಪರಿಶೀಲನೆಗೆ ಒಂದು ಸಲ, ನಿಮ್ಮ ಒಪ್ಪಿಗೆಯ ಮೇಲೆ ಮಾತ್ರ. ಉಳಿದದ್ದನ್ನೆಲ್ಲ ತೆಗೆದುಹಾಕಿ.

ಮುಚ್ಚಿಡಲಾಗದ ಕೆಲವು ಇವೆ. ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರ್ ಹಾಕಿದರೆ ಪಹಣಿ ಕಾಣುತ್ತದೆ, ಮತದಾರರ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ನಾಲ್ಕನೆಯ ಹೆಜ್ಜೆ: ಬಾಗಿಲಿಗೇ ಬಂದಾಗ

ಒಳಗೆ ಕರೆಯಬೇಡಿ. ನಮ್ಮವರಿಗೆ ಇದು ಕಷ್ಟ, ಬಂದವರಿಗೆ ನೀರು, ಬೆಲ್ಲ ಕೊಡದೆ ನಿಲ್ಲಿಸಿ ಗೊತ್ತಿಲ್ಲ. ಆದರೂ ಜಗುಲಿಯಲ್ಲೇ ಮಾತು ಮುಗಿಯಲಿ. ಗುರುತಿನ ಚೀಟಿ ಮತ್ತು ಕಂಪನಿಯ ಅಧಿಕಾರ ಪತ್ರ ಎರಡನ್ನೂ ಕೇಳಿ, ಫೋಟೊ ತೆಗೆದುಕೊಳ್ಳಿ. ಬಂದ ಗಾಡಿಯ ನಂಬರನ್ನೂ ಬರೆದಿಡಿ.

ಹೊತ್ತು ನೋಡಿ. ಬ್ಯಾಂಕು, ಫೈನಾನ್ಸ್ ಕಂಪನಿಯ ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿಗಾಗಿ ಕರೆ ಮಾಡುವಂತಿಲ್ಲ. ಮಹಿಳಾ ಗುಂಪುಗಳಿಗೆ ಕೊಡುವಂಥ ಮೈಕ್ರೋಫೈನಾನ್ಸ್ ಸಾಲಕ್ಕೆ ಇನ್ನೂ ಬಿಗಿ, ಬೆಳಗ್ಗೆ 9ರಿಂದ ಸಂಜೆ 6ರ ಒಳಗೆ. ಕಂತು ಕಟ್ಟುವ ಜಾಗವನ್ನೂ ಇಬ್ಬರೂ ಒಪ್ಪಿ ಗೊತ್ತು ಮಾಡಿರಬೇಕು. ಆ ಜಾಗಕ್ಕೆ ನೀವು ಸತತ ಎರಡು ಸಲ ಬರದಿದ್ದರೆ ಮಾತ್ರ ಅವರು ಮನೆಗೆ ಅಥವಾ ಕೆಲಸದ ಕಡೆ ಬರಬಹುದು. ಗುಂಪಿನ ಹೆಂಗಸರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. “ಅವಳು ಎಲ್ಲಿದ್ದಾಳೆ ಹೇಳದಿದ್ರೆ ನಿಮಗೆಲ್ಲ ಮುಂದಿನ ಸಾಲ ಇಲ್ಲ” ಅಂತ ಒಬ್ಬರನ್ನು ಇನ್ನೊಬ್ಬರ ಮೇಲೆ ಬಿಡುವುದು ಹಳೆಯ ಉಪಾಯ. ತವರಿಗೆ ಹೋದವಳ ದಾರಿಯನ್ನು ಗೆಳತಿಯೇ ತೋರಿಸುವ ಹಾಗೆ ಆಗುತ್ತದೆ. ಹಾಗೆ ಆದ ಮೇಲೆ ಆ ಇಬ್ಬರೂ ಮತ್ತೆ ಒಂದೇ ಚಾಪೆ ಮೇಲೆ ಕೂರುವುದು ಕಷ್ಟ. ಇಂಥ ಮಾತು ಬಂದ ದಿನವೇ ಗುಂಪಿನವರೆಲ್ಲ ಕೂತು, ಯಾರು ಯಾರ ವಿಷಯವನ್ನೂ ಹೇಳುವುದಿಲ್ಲ ಅಂತ ತೀರ್ಮಾನಿಸಿಕೊಳ್ಳಿ.

ಪೊಲೀಸ್ ಅಂತ ಹೇಳಿಕೊಂಡು ಬಂದರೆ ಯಾವ ಠಾಣೆ, ಹುದ್ದೆ ಏನು ಕೇಳಿ, 112ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ಸರ್ಕಾರಿ ನೌಕರನ ವೇಷ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮಿನಡಿ ಅಪರಾಧ, ಕನಿಷ್ಠ ಆರು ತಿಂಗಳು, ಗರಿಷ್ಠ ಮೂರು ವರ್ಷ ಸೆರೆ. ವಾಟ್ಸಾಪ್ ವಿಡಿಯೊದಲ್ಲಿ ಬಂಧಿಸುವ ‘ಡಿಜಿಟಲ್ ಅರೆಸ್ಟ್’ ಅನ್ನುವುದು ಯಾವ ಕಾನೂನಿನಲ್ಲೂ ಇಲ್ಲ. ಸಾಲ ಕಟ್ಟಲಾಗದೆ ಹೋದದ್ದಕ್ಕೇ ಯಾರನ್ನೂ ಪೊಲೀಸರು ಹಿಡಿದುಕೊಂಡು ಹೋಗುವುದಿಲ್ಲ, ಅದು ಸಿವಿಲ್ ವಿಷಯ. ಚೆಕ್ ಬೌನ್ಸ್ ಮಾತ್ರ ಬೇರೆ. ಅದರಲ್ಲೂ ಮೊದಲು ಬರವಣಿಗೆಯ ನೋಟಿಸ್, ಅದು ಕೈಸೇರಿದ ಮೇಲೆ ಹಣ ಕಟ್ಟಲು 15 ದಿನ ಕೊಡಲೇಬೇಕು.

ಐದನೆಯ ಹೆಜ್ಜೆ: ಕಾಗದ ಬಂದರೆ

ವಕೀಲರ ಲೆಟರ್‌ಹೆಡ್, ತಕ್ಕಡಿಯ ಚಿತ್ರ, ಕೆಂಪು ಅಕ್ಷರ, ‘ಅಂತಿಮ ವಾರಂಟ್’ ಅನ್ನುವ ತಲೆಬರಹ. ಇದನ್ನು ವಾಟ್ಸಾಪ್‌ನಲ್ಲಿ ಕಳಿಸುವುದು ನೀವು ಹೆದರಿ ತಿರುಗಿ ಕರೆ ಮಾಡಲಿ, ಎಲ್ಲಿದ್ದೀರಿ ಅಂತ ಬಾಯಿ ಬಿಡಲಿ ಅಂತ. ನಿಜವಾದ ಪ್ರಕರಣಕ್ಕೆ ಕೇಸ್ ನಂಬರ್ ಇರುತ್ತದೆ, ಸಿಎನ್‌ಆರ್ ಅನ್ನುವ 16 ಅಕ್ಷರದ ಗುರುತಿನ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕೋರ್ಟು, ಮುಂದಿನ ದಿನಾಂಕ ಯಾವಾಗ ಅಂತ ಗೊತ್ತಾಗುತ್ತದೆ. ಅಲ್ಲಿ ಏನೂ ಸಿಗದಿದ್ದರೆ ಕಾಗದ ಹಿಡಿದು ತಾಲ್ಲೂಕು ನ್ಯಾಯಾಲಯದ ಕಚೇರಿಯಲ್ಲಿ ತೋರಿಸಿ. ಲೋಕ ಅದಾಲತ್‌ನ ನೋಟಿಸ್ ರಾಜಿಗೆ ಕರೆಯುವ ಪತ್ರ, ಹೋಗದಿದ್ದರೆ ಬಂಧಿಸುತ್ತಾರೆ ಅನ್ನುವುದು ಸುಳ್ಳು. ಹೋದರೆ ಒಳ್ಳೆಯದಾಗುವುದೂ ಉಂಟು.

ಆದರೆ ಕೋರ್ಟಿನ ನಿಜವಾದ ಸಮನ್ಸನ್ನು, ಸಹಿ ಹಾಕಿಸಿಕೊಂಡು ಕೊಡುವ ಅಂಚೆಯನ್ನು ಹಿಂದೆ ಕಳಿಸಬೇಡಿ. ಬೇಡ ಅಂದರೂ ತಲುಪಿದಂತೆಯೇ ಲೆಕ್ಕ, ನೀವಿಲ್ಲದೆಯೇ ಡಿಕ್ರಿ, ಅಂದರೆ ತೀರ್ಪು, ಆಗಬಹುದು. ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ. ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.

ಸುಳ್ಳು ಹೇಳಿ ಕಾಡಿದವರ ಮೇಲೆ ದೂರು

ಒಂದು ನೋಟ್‌ಬುಕ್ ಇಡಿ. ದಿನ, ಹೊತ್ತು, ನಂಬರು, ಯಾರು ಅಂತ ಹೇಳಿಕೊಂಡರು, ಏನು ಕೇಳಿದರು. ಚಿಕ್ಕಮ್ಮನ ನೋಟ್‌ಬುಕ್‌ನಲ್ಲಿ ಒಂದೇ ನಂಬರಿನವನು ಒಮ್ಮೆ ಕೊರಿಯರ್, ಇನ್ನೊಮ್ಮೆ ಬ್ಯಾಂಕಿನವನು. ಅಷ್ಟು ಸಾಕ್ಷಿ ಸಾಕಾಯಿತು.

ಮೊದಲು ಸಾಲ ಕೊಟ್ಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಏಜೆಂಟನ ತಪ್ಪಿಗೆ ಸಂಸ್ಥೆಯೇ ಹೊಣೆ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ) ಸಿಎಂಎಸ್ ಅನ್ನುವ ದೂರಿನ ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಶುಲ್ಕವಿಲ್ಲ. ಮಾಹಿತಿಗೆ 14448. ಮೋಸದಿಂದ ಹಣವೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಿರುಸಾಲದವರ (ಮೈಕ್ರೋಫೈನಾನ್ಸ್) ಕಿರುಕುಳಕ್ಕೆ ನಮ್ಮ ರಾಜ್ಯದಲ್ಲಿ ಈಗ ಬೇರೆಯೇ ಕಾನೂನಿದೆ. 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಆಮೇಲೆ ವಿಧಾನಮಂಡಲದಲ್ಲಿ ಒಪ್ಪಿಗೆಯಾಯಿತು. ಸಾಲ ಪಡೆದವರನ್ನಾಗಲಿ ಮನೆಯವರನ್ನಾಗಲಿ ಬೆನ್ನು ಬಿಡದೆ ಹಿಂಬಾಲಿಸುವುದು, ಮನೆ ಮತ್ತು ಕೆಲಸದ ಜಾಗಕ್ಕೆ ಪದೇ ಪದೇ ಬಂದು ಕಾಡುವುದು, ಸರ್ಕಾರಿ ಸೌಲಭ್ಯದ ದಾಖಲೆ ಕಿತ್ತುಕೊಳ್ಳುವುದು ಅದರಲ್ಲಿ ಬಲವಂತದ ಕ್ರಮ. ಹತ್ತು ವರ್ಷದವರೆಗೆ ಸೆರೆ, ₹5 ಲಕ್ಷದವರೆಗೆ ದಂಡ. ಪೊಲೀಸರು ದೂರು ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ.

ಕೊನೆಯದು: ನಿಮ್ಮ ವಿಳಾಸವನ್ನು ನೀವೇ ಕೊಡಿ

ಇದು ವಿಚಿತ್ರ ಅನ್ನಿಸಬಹುದು. ಆದರೆ ಹುಡುಕುವವರು ಇರುವುದೇ ಸಾಲ ಪಡೆದವರು ಸಿಗುತ್ತಿಲ್ಲ ಅನ್ನುವ ಕಾರಣಕ್ಕೆ. ನನ್ನ ತಮ್ಮ ಸಿಮ್ ಎಸೆದದ್ದರಿಂದ ಆದದ್ದು ಅಷ್ಟೇ: ಅವನಿಗೆ ಬರಬೇಕಿದ್ದ ಕರೆಗಳೆಲ್ಲ ತಾಯಿಗೆ ಬಂದವು.

ನಾವು ಕೂತು ಸಂಸ್ಥೆಯ ಶಾಖೆಗೆ ಒಂದು ಪತ್ರ ಬರೆದೆವು. ಈಗಿನ ವಿಳಾಸ ಇದು, ನಂಬರ್ ಇದು, ಕರೆ ಮಾಡಲು ಅನುಕೂಲವಾದ ಹೊತ್ತು ಇದು. ತಾಯಿಗಾಗಲಿ ಅಂಗಡಿಗಾಗಲಿ ಸಂಪರ್ಕಿಸಬಾರದು. ತೋಟದ ಫಸಲು ಹೀಗಾಗಿದೆ, ತಿಂಗಳಿಗೆ ಇಷ್ಟು ಕಟ್ಟಬಲ್ಲೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು ಹಾಕಿಸಿಕೊಂಡು ಬಂದ. ಮೊದಲ ಸಲ ಮ್ಯಾನೇಜರ್ ಇಲ್ಲ ಅಂದರು, ಎರಡನೆಯ ಸಲ ಸೀಲು ಬಿತ್ತು. ಕಂತು ಇಳಿಸಲು ಒಪ್ಪಿದರು, ಬಡ್ಡಿಯಲ್ಲಿ ಏನೂ ಬಿಡಲಿಲ್ಲ. ಹಣವನ್ನು ಏಜೆಂಟನ ಸ್ವಂತ ಯುಪಿಐಗೆ ಹಾಕದೆ ಸಾಲದ ಖಾತೆಗೇ ಕಟ್ಟುತ್ತಾ ಬಂದ, ಪ್ರತಿ ಸಲವೂ ರಸೀದಿ ತೆಗೆದಿಟ್ಟ.

ಸಾಲ ತೀರಿದ ದಿನ ಬಾಕಿ ಇಲ್ಲ ಅನ್ನುವ ಪತ್ರ ಪಡೆಯುವುದನ್ನು ಮರೆಯಬೇಡಿ, ತಿಂಗಳ ನಂತರ ಕ್ರೆಡಿಟ್ ರಿಪೋರ್ಟ್‌ನಲ್ಲಿ ಖಾತೆ ಮುಚ್ಚಿದೆಯೇ ನೋಡಿ. ಹಳೆಯ ಪಟ್ಟಿಗಳು ಏಜೆನ್ಸಿಯಿಂದ ಏಜೆನ್ಸಿಗೆ ದಾಟುತ್ತಾ, ತೀರಿದ ಸಾಲಕ್ಕೂ ಕರೆ ಬರುವುದುಂಟು. ತಮ್ಮನ ಆ ಪತ್ರದ ಫೋಟೊ ಈಗ ಚಿಕ್ಕಮ್ಮನ ಫೋನಿನಲ್ಲೂ ಇದೆ. ಪೆನ್ನು ಇನ್ನೂ ಅದೇ ಮೊಳೆಯಲ್ಲಿ ನೇತಾಡುತ್ತಿದೆ.